ಒಂದು ಕಾರ್ಡು, ಇಬ್ಬರು ಬೀಗರು

ಜುಲೈ 3, ಗುರುವಾರ. ನಾಶಿಕ್

ಬೆಳಿಗ್ಗೆ ಅತ್ತೆಗೆ ಬಿಪಿ ಗುಳಿಗೆ, ನನಗೆ ಥೈರಾಯ್ಡ್ ಗುಳಿಗೆ, ಮಗಳು ಪ್ರಾಚಿಯನ್ನು ಎಬ್ಬಿಸುವ ಯುದ್ಧ. ಅತ್ತೆ ಸರ್ಕಾರಿ ಡಿಸ್ಪೆನ್ಸರಿಯ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹೋದ ತಿಂಗಳಿಗಿಂತ ಸಣ್ಣದಿದೆಯಂತೆ. ಸರ್ಕಾರ ಗುಳಿಗೆಯಲ್ಲೂ ಉಳಿತಾಯ ಮಾಡುತ್ತಿದೆ ಎಂದು ಅನುಮಾನ. ಆಮೇಲೆ ಮೊಣಕಾಲು, ಎಡಗಣ್ಣಿನ ಪೊರೆ, ಬೆನ್ನಿನಲ್ಲಿ ಓಡಾಡುವ ವಾಯು... ವರದಿ ಮುಗಿಯುವಷ್ಟರಲ್ಲಿ ಅವಲಕ್ಕಿ ಆರಿ ಹೋಗಿತ್ತು. ಬೀದರಿನಿಂದ ಬಂದು ಎಷ್ಟೋ ವರ್ಷವಾಯಿತು, ಪಾರ್ವತಿಬಾಯಿಯವರ ವಾಯುವಿಗೆ ಮಾತ್ರ ಇನ್ನೂ ಟ್ರಾನ್ಸ್‌ಫರ್ ಆರ್ಡರ್ ಬಂದಿಲ್ಲ.

ಆಫೀಸಿನಲ್ಲಿ ಅದೇ ವರದಿ. ಯಾವ ಪ್ರದೇಶದಲ್ಲಿ ಆರೋಗ್ಯಕ್ಕೆ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ, ಜನ ತಮ್ಮ ಜೇಬಿನಿಂದ ಎಷ್ಟು ಸುರಿಯುತ್ತಾರೆ, ಕೊನೆಗೆ ಎಷ್ಟು ವರ್ಷ ಬದುಕುತ್ತಾರೆ. ಮೂರು ಕಾಲಂ. ಚಳಿಗಾಲದಿಂದ ಇದೇ ಊಟ, ಇದೇ ನಿದ್ದೆ. ಯತಿರಾಜ್ ಸರ್ ಬಂದು ಗ್ರಾಫ್ ನೋಡಿದರು. ನಮ್ಮ ಡೈರೆಕ್ಟರು, ಮೈಸೂರಿನವರು, ಬೈಯುವಾಗಲೂ ಬೆಣ್ಣೆ ಹಚ್ಚಿಯೇ ಬೈಯುತ್ತಾರೆ. ಈ ಚುಕ್ಕೆಗಳು ಯಾಕೆ ಹೀಗೆ ಚೆಲ್ಲಾಪಿಲ್ಲಿ ಆಗಿವೆ ಎಂದು ಕೇಳಿದರು. ಖರ್ಚು ಏರಿದಂತೆ ಆಯುಸ್ಸೂ ಏರಬೇಕು, ಗೆರೆ ನೆಟ್ಟಗೆ ಹತ್ತಿಕೊಂಡು ಹೋಗಬೇಕು, ದಿಲ್ಲಿಯವರಿಗೆ ಒಂದು ನೋಟಕ್ಕೆ ತಿಳಿಯಬೇಕು. ನಾನೇನು ಮಾಡಲಿ? ಜೇಬು ಖಾಲಿ ಮಾಡಿಕೊಂಡ ಕೆಲವು ಕಡೆ ಜನ ಹೆಚ್ಚು ಬದುಕಿಲ್ಲ. ಹೆಚ್ಚೇನೂ ಕೊಡದ ಕೆಲವು ಕಡೆ ಸಾಯುವ ಗೋಜಿಗೇ ಹೋಗಿಲ್ಲ. ಚುಕ್ಕೆಗಳಿಗೆ ಶಿಸ್ತು ಕಲಿಸಲು ನಾನು ಪಿ.ಟಿ. ಮೇಷ್ಟ್ರೇ?

ಬರುವಾಗ ಕೊತ್ತಂಬರಿ ಮರೆತೆ. ಬೈಸಿಕೊಂಡೆ.

ಜುಲೈ 8, ಮಂಗಳವಾರ

ಮಧ್ಯಾಹ್ನ ತವರು ಸಂಭಾಜಿನಗರದಿಂದ ರತ್ನಾಕರನ ಫೋನು. ನನ್ನ ತಮ್ಮ ಸುಮ್ಮನೆ ಫೋನ್ ಮಾಡುವವನಲ್ಲ.

ಅಪ್ಪ ಅಂಗಡಿಯಲ್ಲಿ ಬಿದ್ದಿದ್ದಾನೆ. ರವಿಕೆ ಬಟ್ಟೆ ಅಳೆಯುತ್ತಿದ್ದವನು ಹಾಗೇ ಕುಸಿದ. ಕೌಂಟರಿನ ಕೆಳಗೆ ಬೇರೆ ಬಣ್ಣ ಹುಡುಕುತ್ತಿದ್ದಾನೆ ಎಂದುಕೊಂಡು ಗಿರಾಕಿ ಹೆಂಗಸು ಸ್ವಲ್ಪ ಹೊತ್ತು ಕಾದಳಂತೆ. ಆಮೇಲೆ "ಮಾಮಾ, ಹಸಿರು ಇಲ್ಲದಿದ್ದರೆ ನೀಲಿ ನಡೀತದೆ" ಎಂದು ಬಗ್ಗಿ ನೋಡಿ ಕಿರುಚಿದ್ದಾಳೆ. ನಗಬಾರದು. ನಕ್ಕೆ. ಆಮೇಲೆ ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಡಾಕ್ಟರ್ ಹೇಳಿದ್ದು ಇಷ್ಟು: ಹೃದಯ ನಡುನಡುವೆ ಹೊಡೆಯುವುದನ್ನೇ ಮರೆಯುತ್ತಿದೆ. ಪೇಸ್‌ಮೇಕರ್ ಹಾಕಲೇಬೇಕು, ಬೇಗ. ಮುಂದಿನ ಸಲ ಬಿದ್ದರೆ ಏಳದೇ ಇರಬಹುದು. ಅಪ್ಪ ಹೇಳಿದ್ದು ಇನ್ನೂ ಕಡಿಮೆ: "ಬ್ಯಾಡ." ಕಾರಣ ಇಲ್ಲ, ವಿವರಣೆ ಇಲ್ಲ. ಎಪ್ಪತ್ತೆಂಟರ ಮನ್ಮಥಪ್ಪ ಸಂಜೆಗೆ ಮತ್ತೆ ಗುಲಮಂಡಿ ಪೇಟೆಯ ಅಂಗಡಿಯಲ್ಲಿ ಕೂತಿದ್ದ.

ಸಂಜೆಯೆಲ್ಲ ಬೀದರಿನ ನೆಂಟರ ಫೋನು. ಎಲ್ಲರದೂ ಒಂದೇ ಪ್ರಶ್ನೆ, "ಯಾವ ದವಾಖಾನಿ?" ನಮ್ಮ ಜನ ರೋಗಕ್ಕಿಂತ ಮೊದಲು ದವಾಖಾನೆ ಕೇಳುತ್ತಾರೆ. ಗಾಜಿನ ಬಾಗಿಲಿನದು ಎಂದರೆ "ಭಾರಿ ಆತು" ಎನ್ನುತ್ತಾರೆ, ಅರ್ಧ ಗುಣವಾದ ಹಾಗೆ. ಸರ್ಕಾರಿ ಎಂದರೆ ಬಾಯಲ್ಲಿ ಒಂದು "ಚ್ಚು". ರತ್ನಾಕರನಿಗೆ ನಾನು ಕೇಳಿದ ಮೊದಲ ಮಾತೂ ಅದೇ ಆಗಿತ್ತು, ಬರೆದುಕೊಳ್ಳಲು ನಾಚಿಕೆಯಾಗುತ್ತದೆ.

ಜುಲೈ 9, ಬುಧವಾರ

ನನ್ನ ಸರ್ಕಾರಿ ಆರೋಗ್ಯ ಕಾರ್ಡು ಇರುವಾಗ ಚಿಂತೆ ಯಾಕೆ ಎಂದು ಬೆಳಿಗ್ಗೆ ಹೊಳೆಯಿತು. ನಮ್ಮವ್ವ ಈಗಿಲ್ಲ, ಅಪ್ಪನೊಬ್ಬನ ಹೆಸರು ಅದಕ್ಕೆ ಸೇರಿಸುವುದು. ಗಾಜಿನ ಬಾಗಿಲಿನ ಆಸ್ಪತ್ರೆ. ಮುಗಿಯಿತು. ಕುಣಿದುಕೊಂಡು ಆಡಳಿತ ಸೆಕ್ಷನ್ನಿಗೆ ಹೋದೆ.

ಅಲ್ಲಿ ರಾಕೇಶ ನಿಯಮ ಓದಿ ಹೇಳಿದ. ನೌಕರಿಯಲ್ಲಿರುವ ಮದುವೆಯಾದ ಹೆಣ್ಣು ಕಾರ್ಡಿಗೆ ಡಿಪೆಂಡೆಂಟ್ ಎಂದು ತನ್ನ ತಂದೆತಾಯಿಯನ್ನು ಹಾಕಬಹುದು, ಇಲ್ಲವೇ ಅತ್ತೆಮಾವನನ್ನು. ಎರಡೂ ಕಡೆಯವರನ್ನು ಅಲ್ಲ. ಒಮ್ಮೆ ಹಾಕಿದ್ದನ್ನು ಇಡೀ ಸರ್ವಿಸಿನಲ್ಲಿ ಒಂದೇ ಸಲ ಬದಲಾಯಿಸಬಹುದು. ಹಾಕಿಸಿಕೊಂಡವರು ನಮ್ಮ ಜೊತೆಗೇ ಇರಬೇಕು. ಈಗ ಅದರಲ್ಲಿರುವುದು ಅತ್ತೆ. ರಾಕೇಶ ಮೌಸ್ ಹಿಡಿದು ನಗುನಗುತ್ತಾ, "ಮ್ಯಾಡಮ್, ಟಿಕ್ ಕಿಧರ್ ಮಾರೂಂ?" ಯಾವ ಕಡೆ ಟಿಕ್ ಹಾಕಲಿ ಎಂದ.

ತವರೋ ಗಂಡನ ಮನೆಯೋ? ಮದುವೆಯಾದಾಗಿನಿಂದ ಎಲ್ಲರೂ ಮನಸ್ಸಿನಲ್ಲೇ ಕೇಳುತ್ತ ಬಂದ ಪ್ರಶ್ನೆ. ಬಾಯಿಬಿಟ್ಟು ಕೇಳಿದ್ದು ಭಾರತ ಸರ್ಕಾರ ಒಂದೇ. ನಾಳೆ ಹೇಳುತ್ತೇನೆ ಎಂದು ಓಡಿ ಬಂದೆ.

ಇವರು ನಿಫಾಡ್‌ನಿಂದ ಬಂದು ಊಟಕ್ಕೆ ಕೂತಾಗ ಹೇಳಿದೆ. ಇವರದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರಿಕೆ. ದ್ರಾಕ್ಷಿ ಹಣ್ಣು ಹೇಗೆ ಕೆಡದಂತೆ ಇಡಬೇಕು ಎಂದು ಗೊತ್ತು, ಮಾತನ್ನೂ ಹಾಗೇ ಒಳಗೇ ಇಡುತ್ತಾರೆ. ಕಂಪನಿಯ ಇನ್ಶೂರೆನ್ಸಿಗೆ ತಂದೆತಾಯಿ ಬರುವುದಿಲ್ಲ, ಹಾಗಾಗಿ ಇವರ ತಾಯಿ ನನ್ನ ಕಾರ್ಡಿನಲ್ಲಿ. ಎಲ್ಲ ಕೇಳಿದ ಓಂಕಾರ ಸಾಹೇಬರು ರೊಟ್ಟಿ ಮುರಿದು, "ನೀ ನೋಡು" ಅಂದರು. ಸೀರೆಗೂ ಅದೇ, ಸೈಟಿಗೂ ಅದೇ, ಹೆತ್ತ ತಾಯಿಗೂ ಅದೇ. ಕೈ ತೊಳೆಯಲು ಎದ್ದಾಗ ಇನ್ನೊಂದು ಮಾತು ಸೇರಿಸಿದರು, "ಏನರ ಮಾಡು, ಅವ್ವಗ ಮೊದಲು ಹೇಳು."

ಹೇಳುತ್ತೇನೆ. ಹೇಳದೇ ಏನು.

ಜುಲೈ 12, ಶನಿವಾರ

ಹೇಳಲಿಲ್ಲ.

ಚಹಾ ಕೊಟ್ಟು, ಪಕ್ಕದಲ್ಲಿ ಕೂತು, "ಅತ್ತೆಯವರ, ನಿಮ್ಮ ಕಾರ್ಡಿಂದು ಒಂದು ಮಾತಿತ್ತು" ಎಂದು ಶುರು ಮಾಡಿದೆ. ಅವರ ಮುಖ ಅರಳಿತು. ಅವರಿಗೂ ಅದರದೇ ಮಾತಿತ್ತಂತೆ. ಕಣ್ಣಿನ ಆಪರೇಷನ್ ಕಾರ್ತಿಕದಲ್ಲಿ, ಮೊಣಕಾಲು ಪ್ರಾಚಿಯ ಪರೀಕ್ಷೆ ಆದಮೇಲೆ, ಅಷ್ಟರಲ್ಲಿ ನನಗೂ ರಜೆ ಉಳಿದಿರುತ್ತದೆ. ಮೈಯ ಒಂದೊಂದು ಭಾಗಕ್ಕೂ ರೈಲಿನ ರಿಸರ್ವೇಶನ್ ಮಾಡಿಸಿಟ್ಟಿದ್ದಾರೆ. ಇಷ್ಟು ದಿನ ಯಾಕೆ ಮಾಡಿಸಿಲ್ಲ ಎಂದು ಕೇಳಿದೆ. ನನಗೆ ಆಫೀಸಿನಲ್ಲಿ ಕಷ್ಟ ಆಗಬಾರದು ಎಂದು ತಡೆದಿದ್ದರಂತೆ.

ಸೊಸೈಟಿಯ ಹೆಂಗಸರಿಗೆಲ್ಲ ಆ ಕಾರ್ಡು ಪರಿಚಯ. ಪರ್ಸಿನಲ್ಲಿ ಬಸವಣ್ಣನ ಫೋಟೋ ಜೊತೆಗೆ ಇಟ್ಟಿದ್ದಾರೆ. ತರಕಾರಿಯವನಿಗೂ ಒಮ್ಮೆ ತೋರಿಸಿದ್ದು ನಾನೇ ಕಂಡಿದ್ದೇನೆ. ಸೊಸೆ ಮಾಡಿಸಿದ್ದು, ಎಷ್ಟು ದೊಡ್ಡ ದವಾಖಾನೆಗೆ ಹೋದರೂ ರೊಕ್ಕ ಕೇಳುವುದಿಲ್ಲ ಎಂದು ವರ್ಣನೆ. ಅಂಥವರ ಎದುರು ಏನು ಹೇಳಲಿ? ಕಾರ್ಡಿನ ಪ್ಲಾಸ್ಟಿಕ್ ಕವರು ಹಳೆಯದಾಗಿದೆ, ಹೊಸದು ತರುತ್ತೇನೆ ಎಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಜುಲೈ 15, ಮಂಗಳವಾರ

ಬೆಳಿಗ್ಗೆ ರತ್ನಾಕರ ಮತ್ತೆ ಫೋನ್ ಮಾಡಿದ್ದ. ಮೆಟ್ಟಿಲ ಮೇಲೆ ಅಪ್ಪನಿಗೆ ಕಣ್ಣು ಕತ್ತಲೆ ಬಂತಂತೆ, ಗೋಡೆ ಹಿಡಿದು ನಿಂತನಂತೆ. ದವಾಖಾನೆ ಎಂದರೆ ಬಾಯಿ ತೆಗೆಯುವುದಿಲ್ಲ. ಹೊಸ ಊರಿನ ಹೊಸ ಆಸ್ಪತ್ರೆ ಆದರೆ ಒಪ್ಪಿಯಾನು ಎಂದು ತಮ್ಮನ ಆಸೆ, ನನ್ನದೂ.

ರಾಕೇಶನ ಹತ್ತಿರ ಹೋದೆ. ಅಪ್ಪ ಇನ್ನು ನಮ್ಮ ಜೊತೆಗೇ ಇರುತ್ತಾನೆ ಎಂದು ಬರೆದುಕೊಟ್ಟೆ. ತವರಿನ ಕಡೆ ಟಿಕ್. ಪಾರ್ವತಿಬಾಯಿ ಹೆಸರಿನ ಮುಂದೆ "ಡಿಲೀಟ್, ಆರ್ ಯು ಶೂರ್?" ಎಂದು ಬಂತು. ಎಸ್ ಒತ್ತಿದೆ.

ಮನೆಗೆ ಬಂದರೆ ಅತ್ತೆ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿ ಇಟ್ಟಿದ್ದರು. ತಂದೆಯ ಚಿಂತೆಯಲ್ಲಿ ನಾನು ಸೊರಗಿದ್ದೇನಂತೆ. ಅರ್ಧ ರೊಟ್ಟಿಗೇ ಎದ್ದೆ. ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ.

ಜುಲೈ 29, ಮಂಗಳವಾರ. ನಾಗರಪಂಚಮಿ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖ ಬೇಕಲ್ಲ.

ಒಪ್ಪಿಗೆ ಬಂತು. ಅಪ್ಪನ ಹೆಸರು ಒಳಗೆ, ಅತ್ತೆಯ ಹೆಸರು ಹೊರಗೆ. ಅತ್ತೆಯ ಪರ್ಸಿನಲ್ಲಿ ಮಾತ್ರ ಹಳೆಯ ಕಾರ್ಡು ಬಸವಣ್ಣನ ಜೊತೆ ಹೊಸ ಕವರಿನಲ್ಲಿ ಭದ್ರವಾಗಿದೆ. ಅದನ್ನು ಅವರು ಎಲ್ಲಿ ಹೊರಗೆ ತೆಗೆದಾರೋ ಎಂದು ದಿನವೂ ಆ ಪರ್ಸಿನ ಮೇಲೆಯೇ ನನ್ನ ಕಣ್ಣು. ಹೋದ ವಾರ ಹಲ್ಲು ನೋವು ಎಂದರು. ಸರ್ಕಾರಿ ಡಿಸ್ಪೆನ್ಸರಿಗೆ ರಜೆ ಎಂದು ಸುಳ್ಳು ಹೇಳಿ, ಕಾಲೇಜ್ ರೋಡಿನ ಡೆಂಟಿಸ್ಟ್ ಹತ್ತಿರ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈದರು, ಕಾರ್ಡಿರುವಾಗ ರೊಕ್ಕ ಕೊಡುವ ಸೊಕ್ಕು ಯಾಕೆ ಎಂದು. ಬಿಪಿ ಗುಳಿಗೆಯನ್ನೂ ಈಗ ನಾನೇ ಮೆಡಿಕಲ್ ಅಂಗಡಿಯಿಂದ ತಂದು ಹಳೆಯ ಡಬ್ಬಿಗೆ ಸುರಿಯುತ್ತೇನೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಸರ್ಕಾರ ಸುಧಾರಿಸಿದೆ ಎಂದರು.

ಅಪ್ಪನಿಗೆ ಫೋನ್ ಮಾಡಿ ಕಾರ್ಡು ಬಂದಿದೆ, ನಾಶಿಕ್‌ಗೆ ಬಾ ಎಂದೆ. ಕಾರ್ಡಿನಲ್ಲಿ ಏನಂತ ಬರೆದಿದೆ ಎಂದು ಕೇಳಿದ. ಡಿಪೆಂಡೆಂಟ್ ಎಂದೆ. "ನಾ ಯಾರ ಮ್ಯಾಲೂ ಡಿಪೆಂಡೆಂಟ್ ಇಲ್ಲ" ಎಂದು ಫೋನ್ ಇಟ್ಟ.

ಶನಿವಾರ ನಾನೇ ಹೋಗಿ ಎತ್ತಿಕೊಂಡು ಬರುತ್ತೇನೆ. ಪಂಚಮಿಗೆ ತವರಿಗೆ ಹೋದಂತೆಯೂ ಆಯಿತು. ಅತ್ತೆ ತಾವೂ ಬರುತ್ತಾರಂತೆ. ಶ್ರಾವಣ, ಸೋಮವಾರ ಅಲ್ಲೇ ಹತ್ತಿರದ ವೇರೂಳಿನಲ್ಲಿ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನ ಆಗಬೇಕಂತೆ. ಬೇಡ ಎನ್ನಲು ನನಗೆ ಯಾವ ಬಾಯಿ?

ಆಗಸ್ಟ್ 2, ಶನಿವಾರ. ಸಂಭಾಜಿನಗರ

ರೈಲಿನಲ್ಲಿ ಮನಮಾಡ್‌ವರೆಗೂ ಅತ್ತೆ ಎದುರಿನ ಸೀಟಿನವರಿಗೆ ಕಾರ್ಡಿನ ಮಹಿಮೆ ಹೇಳಿದರು. ಅಲ್ಲಿಂದ ಮುಂದೆ ಎದುರಿನವರು ನಿದ್ದೆ ಬಂದವರಂತೆ ನಟಿಸಿದರು. ನಾನೂ ನಟಿಸಿದೆ.

ಅಪ್ಪ ಸೊರಗಿ ಹೋಗಿದ್ದಾನೆ. ಕೊರಳ ಮೂಳೆ ಕಾಣುತ್ತಿದೆ. ದನಿ ಮಾತ್ರ ಗುಲಮಂಡಿಯ ಗಿರಾಕಿಗಳನ್ನು ಕರೆಯುವ ದನಿಯೇ. ನಾನು ಕಾರ್ಡಿನ ಪ್ರಿಂಟ್ ತೆಗೆದು ಮುಂದಿಟ್ಟೆ. ಅವನು ಅಂಗಿಯ ಜೇಬಿನಿಂದ ಇನ್ನೊಂದು ಕಾರ್ಡು ತೆಗೆದು ಅದರ ಪಕ್ಕಕ್ಕಿಟ್ಟ. ಎಪ್ಪತ್ತು ದಾಟಿದವರಿಗೆ ಸರ್ಕಾರ ಕೊಡುವ ಉಚಿತ ಚಿಕಿತ್ಸೆಯ ಕಾರ್ಡು. ಅವನದೇ ಫೋಟೋ, ಅವನದೇ ಹೆಸರು, ಯಾರ ಡಿಪೆಂಡೆಂಟೂ ಅಲ್ಲ.

ಯಾವಾಗ ಮಾಡಿಸಿದೆ ಎಂದು ಕೇಳಿದೆ. ದಿನಾ ಬೆಳಿಗ್ಗೆ ವಾಕಿಂಗ್ ಹೋದವನು ದೊಡ್ಡ ಸರ್ಕಾರಿ ದವಾಖಾನೆಯ ಗೇಟಿನ ಚಹಾ ಅಂಗಡಿಯಲ್ಲಿ ಕೂರುತ್ತಾನಂತೆ, ಅಲ್ಲಿ ಅವನ ಮುದುಕರ ಗುಂಪು. ಅಲ್ಲೇ ಯಾವುದೋ ಕ್ಯಾಂಪಿನಲ್ಲಿ ಎಲ್ಲರೂ ಸೇರಿ ಮಾಡಿಸಿದ್ದಾರೆ. ಹೋದ ಚಳಿಗಾಲದಲ್ಲೇ. ನಮಗೆ ಯಾಕೆ ಹೇಳಲಿಲ್ಲ?

"ನೀ ಕೇಳಿದ್ಯೇನು?"

ನಾನು ಊರೂರಿಗೆ ಜನ ಕಳಿಸಿ ಕೇಳಿಸುವವಳು. ನಿಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾವ ಆಸ್ಪತ್ರೆ, ಯಾವ ಕಾರ್ಡು, ಯಾರ ಜೇಬು. ಅಪ್ಪನನ್ನು ಕೇಳಲು ಹೊಳೆಯಲಿಲ್ಲ. ಮನೆಯಲ್ಲಿ ಒಬ್ಬಳೇ ಓದಿದವಳು ಎಂದು ಬೀದರಿನಲ್ಲಿ ಹೆಸರು ಬೇರೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ವ್ಯಾಪಾರಿ. ಒಂದು ಥಾನು ಬಟ್ಟೆ ಒಳಗೆ ಬಂದರೆ ಇನ್ನೊಂದು ಎಲ್ಲಿಗೆ ಹೋಯಿತು ಎಂದು ನೋಡುವವನು. ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ, "ಇಲ್ಲಿ ಮೊದಲು ಬೀಗತಿಯವರ ಹೆಸರಿತ್ತಲ್ಲ. ನಂದು ಹಾಕಿದ್ರ ಅವರದು ಎಲ್ಲಿ ಹೋತು?"

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಚಹಾದ ಟ್ರೇ. ನನ್ನ ಮುಖ ನೋಡಿದರು. ಉತ್ತರ ಅಲ್ಲೇ ಸಿಕ್ಕಿರಬೇಕು. ಕಪ್ಪನ್ನು ಅಪ್ಪನ ಮುಂದಿಟ್ಟು, "ಸಕ್ಕರಿ ಕಮ್ಮಿ ಹಾಕೀನ್ರಿ" ಎಂದು ಹೇಳಿ ಒಳಗೆ ಹೋದರು.

ಆಗಸ್ಟ್ 3, ಭಾನುವಾರ

ಅತ್ತೆಗೆ ಇಂದು ಯಾವ ನೋವೂ ಇಲ್ಲ.

ಮೊಣಕಾಲು? ಏನಿಲ್ಲ. ಕಣ್ಣು? ಚಲೋ ಕಾಣ್ತದ. ವಾಯು? ಹೋತು. ಕೋಲು ಬಿಟ್ಟು ಮಹಡಿ ಹತ್ತಿ ಬಟ್ಟೆ ಒಣಹಾಕಿದರು. ಇನ್ನೊಬ್ಬರ ಆರೋಗ್ಯ ನೋಡಿ ಇಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ. ಹಿಂದೆಯೇ ಹತ್ತಿ ಹೋಗಿ, ತಪ್ಪಾಯ್ತು ಎಂದು ಶುರು ಮಾಡಿದೆ. ಮಳೆ ಬರುತ್ತದೆ, ಆ ಒಣಗಿದ ಬಟ್ಟೆ ತೆಗಿ ಎಂದರು. ತೆಗೆದೆ. ಮಳೆ ಬರಲಿಲ್ಲ.

ಮಧ್ಯಾಹ್ನ ನೋಡಿದರೆ ಹಳೆಯ ಕಾರ್ಡು ನನ್ನ ಬ್ಯಾಗಿನ ಮೇಲೆ ಇತ್ತು. ಬಸವಣ್ಣನನ್ನು ಮಾತ್ರ ತಾವೇ ಇಟ್ಟುಕೊಂಡಿದ್ದಾರೆ. ಇವರಿಗೆ ಫೋನ್ ಮಾಡಿ ಅತ್ತುಬಿಟ್ಟೆ. "ನಾ ಮೊದಲೇ ಹೇಳಿದ್ದೆ" ಅಂದರು. ಇಪ್ಪತ್ತು ವರ್ಷದಲ್ಲಿ ಒಂದು ಸಲ ಒಂದು ಮಾತು ಹೇಳಿದ್ದಾರೆ, ಅದನ್ನು ಇನ್ನು ಸಾಯುವವರೆಗೂ ನೆನಪಿಸುತ್ತಾರೆ.

ಅಪ್ಪನ ಕಥೆ ಹಾಗೇ ಇದೆ. ಅವನ ಕೈಯಲ್ಲಿ ಕಾರ್ಡಿದೆ. ಅವನು ಮೆಚ್ಚಿದ ದವಾಖಾನೆ ಇದೆ, ಅಲ್ಲಿ ಹೃದಯದ ಡಾಕ್ಟರೂ ಇದ್ದಾರೆ. ಹಾಗಾದರೆ ಯಾಕೆ ಬೇಡ? ಬಾಯಿಗೆ ಬೀಗ. ಗುರುವಾರ ಬಚ್ಚಲಲ್ಲೂ ಬಿದ್ದಿದ್ದನಂತೆ, ರತ್ನಾಕರ ನನಗೆ ಈಗ ಹೇಳುತ್ತಿದ್ದಾನೆ. ದೇವರೇ, ಹಣದ ಅಡ್ಡಿ ಇದ್ದಿದ್ದರೆ ಹೊಂದಿಸಬಹುದಿತ್ತು.

ಆಗಸ್ಟ್ 4, ಸೋಮವಾರ. ವೇರೂಳಿನಿಂದ ಬಂದು, ಸಂಜೆ 6

ಇದನ್ನು ಇವತ್ತೇ ಬರೆಯಬೇಕು.

ಶ್ರಾವಣ ಸೋಮವಾರದ ಜಾತ್ರೆಯಂಥ ಸಾಲು. ನೀನು ಬರಬೇಡ ಎಂದರೆ ಅಪ್ಪ ನಮಗಿಂತ ಮೊದಲು ಕಾರಿನಲ್ಲಿ ಕೂತಿದ್ದ. ಘೃಷ್ಣೇಶ್ವರನ ಗರ್ಭಗುಡಿಗೆ ಗಂಡಸರು ಅಂಗಿ ಬಿಚ್ಚಿಯೇ ಹೋಗಬೇಕು. ಅಪ್ಪ ಬರಿಮೈಯಲ್ಲಿ, ಹಣೆತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ದರ್ಶನ ಚೆನ್ನಾಗಿಯೇ ಆಯಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅಂಗಿ ಹಾಕಿಕೊಳ್ಳಲು ಎದ್ದವನು ಹಾಗೇ ಮಡಚಿಕೊಂಡು ಬಿದ್ದ.

ರತ್ನಾಕರ ನೀರು, ನೀರು ಎನ್ನುತ್ತ ನೀರು ಇಲ್ಲದ ಕಡೆಗೆ ಓಡಿದ. ಅತ್ತೆ ಆ ಒದ್ದೆ ಕಲ್ಲಿನ ಮೇಲೆ ಧೊಪ್ಪೆಂದು ಕೂತು ಅಪ್ಪನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೆನ್ನೆ ತಟ್ಟಿದರು. "ಬೀಗರ... ಕಣ್ಣು ತೆಗೀರಿ. ಬೀಗರ." ನಾನು ಮಣಿಕಟ್ಟು ಹಿಡಿದೆ. ಏನೂ ಸಿಗಲಿಲ್ಲ. ಆಮೇಲೆ ಒಂದು ಬಡಿತ. ಮತ್ತೆ ಏನೂ ಇಲ್ಲ. ಅಪ್ಪ ಹೋದ ಎಂದೇ ತಿಳಿದೆ. ಆಮೇಲೆ ಇನ್ನೊಂದು, ಅದರ ಹಿಂದೆ ಇನ್ನೊಂದು.

ಕಣ್ಣು ತೆಗೆದ. ಮೊದಲ ಮಾತು, "ನನ್ನ ಅಂಗಿ ಎಲ್ಲಿ?"

ಅಲ್ಲಿಗೆ ಅತ್ತೆಯ ತಾಳ್ಮೆ ಮುಗಿಯಿತು. ಅಂಗಿ ಆಮೇಲೆ, ಮೊದಲು ಖರೆ ಹೇಳ್ರಿ, ಇಷ್ಟು ಹಟ ಯಾಕ ಎಂದು ಗದರಿದರು. ಮಗ, ಮಗಳು, ಡಾಕ್ಟರು ಎಲ್ಲರೂ ಕೇಳಿ ಸೋತ ಪ್ರಶ್ನೆ. ಅಪ್ಪ ಅವರ ತೊಡೆಯ ಮೇಲೆ ತಲೆಯಿಟ್ಟುಕೊಂಡೇ, ಆಕಾಶ ನೋಡುತ್ತ, ಮೆಲ್ಲಗೆ ಹೇಳಿದ.

"ನಮ್ಮಲ್ಲಿ ಸುಡೂದಿಲ್ಲ, ಬೀಗತಿಯವರ. ಮಣ್ಣಾಗ ಕೂಡಸ್ತಾರ. ಕೈಯಾಗ ಲಿಂಗ ಇಡ್ತಾರ. ನಾ ಹೋದ ಮ್ಯಾಗೂ ಎದಿಯಾಗ ಆ ಮಷೀನು ಟಕ್ ಟಕ್ ಅಂತಿದ್ರ? ನಾ ಹೋಗೀನೋ ಇಲ್ಲೋ, ನನಗರ ಹ್ಯಾಂಗ ತಿಳೀಬೇಕು? ಶಿವನಿಗರ ಹ್ಯಾಂಗ ತಿಳೀಬೇಕು?"

ನಾನು ಅಪ್ಪಾ, ಅದು ಹಾಗಲ್ಲ, ಅದರ ಕೆಲಸ ಬೇರೆ ಎಂದು ಬಾಯಿ ತೆಗೆದೆ. ಅತ್ತೆ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ನಿಜವಾಗಿ ಯೋಚನೆ ಮಾಡಿದರು, ಸೀರೆಯ ಬಣ್ಣ ಆರಿಸುವಾಗ ಮಾಡುವಷ್ಟು.

"ನಮ್ಮ ಯಜಮಾನರು ಹೋದಾಗ ಗೋಡಿ ಗಡಿಯಾರ ನಡೀತಾನೇ ಇತ್ತು. ಶಿವ ಬಂದು ಅವರನ್ನ ಒಯ್ದ, ಗಡಿಯಾರ ಬಿಟ್ಟು ಹೋದ. ಅವನಿಗೆ ಯಾವುದು ಮನಷ್ಯಾ, ಯಾವುದು ಮಷೀನು ತಿಳೀತದ್ರಿ." ಆಮೇಲೆ ಸೇರಿಸಿದರು, "ಮ್ಯಾಲೆ, ಟಕ್ ಟಕ್ ಅಂದ್ರ ಅನ್ನಲಿ. ಅಲ್ಲಿ ಒಬ್ಬರೇ ಕೂಡೂದಕ್ಕ ಜೋಡಿ ಆಗ್ತದ."

ಅಪ್ಪ ನಕ್ಕ. ಹೊಟ್ಟೆ ಕುಣಿಯುವ ಹಾಗೆ ನಕ್ಕ. ಇನ್ನೊಮ್ಮೆ ಬೀಳುತ್ತಾನೇನೋ ಎಂದು ಹೆದರಿ ನಾನು ಮತ್ತೆ ಮಣಿಕಟ್ಟು ಹಿಡಿದೆ.

ನಮ್ಮ ಸರ್ವೇ ಪ್ರಶ್ನೆಪಟ್ಟಿಯಲ್ಲಿ ಒಂದು ಜಾಗವಿದೆ: ಚಿಕಿತ್ಸೆ ಪಡೆಯದಿರಲು ಕಾರಣ. ಹಣವಿಲ್ಲ, ಆಸ್ಪತ್ರೆ ದೂರ, ಕಾಯಿಲೆ ಸಣ್ಣದು, ಕೊನೆಗೆ "ಇತರೆ". ಇತರೆಯನ್ನು ನಾನು ಎಂದೂ ಓದಿದವಳಲ್ಲ. ಟೇಬಲ್ಲಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿ ಬಿಡುತ್ತಿದ್ದೆ. ಎಷ್ಟು ಜನರ ಅಪ್ಪಂದಿರು ಅಲ್ಲಿ ಕೂತಿದ್ದಾರೋ ಗೊತ್ತಿಲ್ಲ. ಕೇಳಬೇಕಿತ್ತು ಅನ್ನಿಸುತ್ತಿದೆ.

ಆಗಸ್ಟ್ 6, ಬುಧವಾರ

ಅಡ್ಮಿಟ್ ಆಯಿತು. ದೊಡ್ಡ ಸರ್ಕಾರಿ ದವಾಖಾನೆ. ಗಾಜಿನ ಬಾಗಿಲಿನ ಆಸ್ಪತ್ರೆಗೆ ನಾನು ನಿನ್ನೆ ಕೊನೆಯ ಸಲ ವಕಾಲತ್ತು ಹಾಕಿದೆ. ಅಪ್ಪನ ಕಾರ್ಡು ಅಲ್ಲಿಯೂ ನಡೆಯುತ್ತದೆ. ಕೇಳಲಿಲ್ಲ. ಅವನದು ಎರಡು ಷರತ್ತು: ಮಾಡಿಸಿದರೆ ಇಲ್ಲೇ, ಜೊತೆಗೆ ಇರುವುದಾದರೆ ಬೀಗತಿಯವರೇ. ರತ್ನಾಕರ ಸೂಜಿ ಕಂಡರೆ ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬರು ಬೇಕು. ಮಗಳು ಎಲ್ಲದಕ್ಕೂ ಅಳುತ್ತಾಳೆ, ಇಲ್ಲವೇ ಡಾಕ್ಟರಿಗೆ ಅಂಕಿಸಂಖ್ಯೆ ಕೇಳುತ್ತಾಳೆ. ಎರಡೂ ನಿಜ.

ಒಬ್ಬ ರೋಗಿಗೆ ಒಂದೇ ಪಾಸು. ಪಾರ್ವತಿಬಾಯಿ ಹೆಸರಿನಲ್ಲಿ ಆಯಿತು. ಸಂಬಂಧ ಏನು ಎಂದು ಸಿಸ್ಟರ್ ಕೇಳಿದಾಗ ಅತ್ತೆ ಮರಾಠಿಯಲ್ಲಿ "ವಿಹೀಣ" ಎಂದರು. ಮಗಳ ಅತ್ತೆ ಬಂದು ವಾರ್ಡಿನಲ್ಲಿ ಕೂರುವುದನ್ನು ಆಕೆ ಇದೇ ಮೊದಲು ನೋಡುತ್ತಿರುವುದಂತೆ. ಸಂಜೆಯಷ್ಟರಲ್ಲಿ ಅತ್ತೆ ವಾರ್ಡನ್ನೇ ಕೈಗೆ ತೆಗೆದುಕೊಂಡಿದ್ದರು. ಪಕ್ಕದ ಹಾಸಿಗೆಯ, ಬಿಡಕಿನ್ ಊರಿನ ಹುಡುಗನಿಗೆ ಗಂಜಿ, ಅವನ ತಾಯಿಗೆ ವಾಯುವಿನ ಔಷಧಿ. ಅತ್ತೆಯ ವಾಯುವೂ ವಾಪಸ್ ಬಂದಿದೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ.

ಬೀದರಿನಿಂದ ಫೋನು, "ಯಾವ ದವಾಖಾನಿ?" ನನ್ನ ಕೈಯಿಂದ ಅತ್ತೆ ಕಸಿದುಕೊಂಡರು. "ಸರ್ಕಾರಿದು. ಯಾಕ್ರಿ?" ಆ ಕಡೆ "ಚ್ಚು" ಕೇಳಿಸಲಿಲ್ಲ. ನುಂಗಿರಬೇಕು.

ಆಮೇಲೆ ಗೇಟಿನ ಚಹಾ ಅಂಗಡಿಯಲ್ಲಿ ಅತ್ತೆಯೇ ಮಾತು ತೆಗೆದರು. ನನ್ನ ಕಡೆ ನೋಡದೆ, ಬಸ್ಸುಗಳ ಕಡೆ ನೋಡುತ್ತ.

"ಅಪ್ಪನ ಸಲುವಾಗಿ ಮಾಡಿದಿ. ಅದು ತಪ್ಪಲ್ಲ. ನನ್ನ ಅವ್ವ ಹಾಸಗಿ ಹಿಡಿದಾಗ ನನಗ ಯಾರೂ ಯಾವ ಕಡೆ ಅಂತ ಕೇಳಲಿಲ್ಲ. ಕೇಳಿದ್ರ ನಾನೂ ತವರಿನ ಕಡೇನೇ ಅಂತಿದ್ದೆ. ಆದರ ಹಲ್ಲಿನ ಡಾಕ್ಟರ್ ಹಂತ್ಯಾಕ ಕರಕೊಂಡು ಹೋಗಿ ಸುಳ್ಳು ಹೇಳಿದಿ ನೋಡು, ಅದು ನನಗ ಹತ್ತಿತು. ದಾರಿತುಂಬ ನಾ ನಿನಗ ಬೈದೆ. ನೀ ಬೈಸಿಕೊಂಡಿ. ಹೇಳಿದ್ರ ಇಬ್ಬರೂ ಕೂಡಿ ಸರ್ಕಾರಕ್ಕ ಬೈತಿದ್ವಿ."

ಎಲ್ಲರ ಎದುರು ನಾನು ಅತ್ತುಬಿಟ್ಟೆ. ತಪ್ಪಾಯ್ತು ಎಂದು ಈಗ ಪೂರ್ತಿ ಹೇಳಲು ಬಿಟ್ಟರು. ತಮ್ಮ ಬಿಸ್ಕಿಟ್ಟನ್ನು ನನ್ನ ತಟ್ಟೆಗೆ ಹಾಕಿದರು. ಆಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಎಪ್ಪತ್ತು ದಾಟಿದವರ ಕಾರ್ಡು ತಮಗೂ ಬರುತ್ತದೆ, ನಾಶಿಕ್‌ಗೆ ಹೋದ ಕೂಡಲೇ ಮಾಡಿಸು, ಈ ಸಲ ಫೋಟೋ ಚೆನ್ನಾಗಿ ಬರಬೇಕು ಎಂದರು. ಬೀಗರು ಎಲ್ಲ ಹೇಳಿಕೊಟ್ಟಿದ್ದಾರಂತೆ.

ಆಗಸ್ಟ್ 7, ಗುರುವಾರ

ಯತಿರಾಜ್ ಸರ್ ಫೋನು. ಗೆರೆ ನೆಟ್ಟಗಾಯಿತೇ? ಚುಕ್ಕೆ ಇದ್ದಲ್ಲೇ ಇರುತ್ತವೆ ಸರ್ ಎಂದೆ. ಖರ್ಚು ಎಷ್ಟು ಎಂದು ಮಾತ್ರ ನೋಡಿದ್ದೇವೆ, ಯಾಕೆ ಹೋಗಲಿಲ್ಲ ಎಂದು ಕೇಳಿದ್ದನ್ನು ಓದಿಯೇ ಇಲ್ಲ, "ಇತರೆ"ಗೆ ಒಂದು ಅಧ್ಯಾಯ ಬೇಕು ಎಂದೆ. ನಿಟ್ಟುಸಿರಿಗೂ ಬೆಣ್ಣೆ ಹಚ್ಚಿ ಬಿಟ್ಟರು. ಆಮೇಲೆ ತಂದೆಯವರು ಹೇಗಿದ್ದಾರೆ ಎಂದು ಕೇಳಿ, ಯಾವ ಆಸ್ಪತ್ರೆ ಎಂದರು. ಮೈಸೂರಾದರೇನು.

ನಾಳೆ ಬೆಳಿಗ್ಗೆ ಅಪ್ಪನ ಆಪರೇಷನ್.

ಆಗಸ್ಟ್ 8, ಶುಕ್ರವಾರ. ಬೆಳಿಗ್ಗೆ 9.20, ವಾರ್ಡಿನ ಹೊರಗೆ

ಒಳಗೆ ಕರೆದುಕೊಂಡು ಹೋದರು. ಕರಡಿಗೆಯನ್ನು ಎದೆಯಿಂದ ಬಿಚ್ಚಬೇಕೆಂದರು. ಅಪ್ಪ ಅದನ್ನು ಅತ್ತೆಯ ಕೈಗೆ ಕೊಟ್ಟ, ನನ್ನ ಕೈಗಲ್ಲ. ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದಾರೆ.

10.05

ಇನ್ನೂ ಬಾಗಿಲು ತೆರೆದಿಲ್ಲ. ಇದು ಸಣ್ಣ ಆಪರೇಷನ್ ಎಂದು ಮೂವರು ಡಾಕ್ಟರು ಹೇಳಿದ್ದಾರೆ. ನನಗೆ ಗೊತ್ತು. ಭಯವಾಗುತ್ತಿದೆ. ಒಂದು ಪ್ರದೇಶದ ಸರಾಸರಿ ಆಯುಸ್ಸು ಬಾಯಿಪಾಠ ಹೇಳಬಲ್ಲೆ, ಒಳಗೆ ಮಲಗಿದ ಒಬ್ಬನ ಬಗ್ಗೆ ಏನೂ ಗೊತ್ತಿಲ್ಲ. ರತ್ನಾಕರ ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ.

10.40

ಸಿಸ್ಟರ್ ಬಂದರು. ಆಯಿತು. ಎಲ್ಲ ಸರಿ. ಎಚ್ಚರವಿದ್ದಾನೆ. ಮಷೀನಿನ ಸದ್ದು ಕೇಳಿಸುತ್ತಿಲ್ಲ, ಕೆಟ್ಟದ್ದು ಹಾಕಿದ್ದೀರಿ ಎಂದು ಡಾಕ್ಟರ ಜೊತೆ ವಾದ ಮಾಡುತ್ತಿದ್ದಾನಂತೆ. ಬೀಗತಿಯವರನ್ನು ಕರೆಯಿರಿ, ಅವರು ಕಿವಿಯಿಟ್ಟು ನೋಡಲಿ ಎನ್ನುತ್ತಿದ್ದಾನಂತೆ. ಅತ್ತೆ ಕರಡಿಗೆ ಹಿಡಿದುಕೊಂಡು ಒಳಗೆ ಹೋದರು.

ನಾನೂ ಹಿಂದೆಯೇ ಹೋದೆ. ಗಾರ್ಡ್ ಕೋಲು ಅಡ್ಡ ಹಿಡಿದ. ಪಾಸ್ ಎಲ್ಲಿ? ಮಗಳು ಎಂದೆ. ಎಲ್ಲರೂ ಮಕ್ಕಳೇ ಎಂದ. ಸೆಂಟ್ರಲ್ ಗವರ್ನಮೆಂಟ್ ಎಂದೆ. ಐಡಿ ತೋರಿಸಿದೆ, ಅಪ್ಪನ ಹೆಸರಿರುವ ನನ್ನ ಕಾರ್ಡೂ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಇಲ್ಲಿ ಇದು ನಡೆಯುವುದಿಲ್ಲವಂತೆ. ಬೆಂಚಿಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಅತ್ತೆ. ಹೊರಗೆ ತಲೆ ಹಾಕಿ ನನ್ನನ್ನು ಹುಡುಕುತ್ತಿದ್ದಾರೆ. ಅವರಿಗೆ ಕಂಡೆ. ಗಾರ್ಡ್‌ಗೆ ನನ್ನ ಕಡೆ ಬೆರಳು ತೋರಿಸಿ, ತಮ್ಮ ಬೀದರ್ ಮರಾಠಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಾರೆ, ಇಡೀ ಕಾರಿಡಾರ್ ಕೇಳುವ ಹಾಗೆ — ಪಾಸು ನನ್ನ ಹೆಸರಿನದು, ಆಕೆ ನನ್ನ ಡಿಪೆಂಡೆಂಟ್, ಒಳಗೆ ಬಿಡು ಎಂದು. ಗಾರ್ಡ್ ನಗುತ್ತಿದ್ದಾನೆ. ಕೋಲು ಎತ್ತಿ ದಾರಿ ಬಿಟ್ಟ. ಹೋಗುತ್ತೇನೆ.